ಬಾಗಿಲು ಹಾಕಿ ಒಂದು ಚಪ್ಪಾಳೆ

"ಮೊದಲು ಕೆಳಗಿನ ರೂಮು ನೋಡ್ರಿ ಸರ್. ಅದನ್ನ ಕೇಳದಂಗ ಮ್ಯಾಲಿಂದು ಗೊತ್ತಾಗಂಗಿಲ್ಲ."

ಬಳ್ಳಾರಿಯ ಗುಡ್ಡ ಬೆನ್ನ ಹಿಂದೆ ಕಾಣುವ ಬಡಾವಣೆಯೊಂದರ ಮನೆ. ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಹೆಸರು ಬೇಡ ಅಂದರು, ಹಾಗಾಗಿ ಮೇಷ್ಟ್ರು ಎಂದೇ ಕರೆಯುತ್ತೇನೆ. ತಾಯಿ ಇರುವುದು ಕುರುಗೋಡಿನ ಹಳೆಯ ಮನೆಯಲ್ಲಿ, ಹೆಂಡತಿಯ ತವರು ಸಿರುಗುಪ್ಪ. ಈ ಎರಡೂ ಊರುಗಳು ಅವರ ಮಹಡಿಯ ಪುಟ್ಟ ಕೋಣೆಯೊಳಗೆ ಹೇಗೆ ಬಂದು ಸೇರಿವೆ ಎಂಬುದು ಒಳಗೆ ಹೋದ ಮೇಲೆ ತಿಳಿಯಿತು. ನಾನು ಹೋಗಿದ್ದು ಒಂದು ಸಣ್ಣ ಆಸೆಯಿಂದ. ನನ್ನ ಮನೆಯಲ್ಲೂ ಹಾಡು ಕೇಳಲು ಒಂದು ಕೋಣೆ ಇದೆ, ಅಲ್ಲಿ ಎಷ್ಟು ಒಳ್ಳೆಯ ಸ್ಪೀಕರ್ ಇಟ್ಟರೂ ಹಾಡು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಗೋಡೆಗೆ ಏನು ಹಾಕಬೇಕು, ಎಷ್ಟು ಹಾಕಬೇಕು ಎಂದು ಕೇಳಿಕೊಂಡು ಹೋಗಿದ್ದೆ.

ಕೆಳಗಿನ ಕೋಣೆ ಮಗನದು. ಅವನು ಈಗ ಬೇರೆ ಊರಲ್ಲಿದ್ದಾನೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ಹೊಳೆಯುವ ಟೈಲ್ಸ್, ಗೋಡೆಗೆ ಕನ್ನಡಿಯಂತೆ ಉಜ್ಜಿದ ಪುಟ್ಟಿ, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಒಂದು ಗಾಜಿನ ಕಿಟಕಿ. ಮಂಚವನ್ನೂ ಹಾಸಿಗೆಯನ್ನೂ ಹೊರಗೆ ಹಾಕಿಸಿದ್ದಾರೆ. ನನಗೋಸ್ಕರವೇ ಖಾಲಿ ಮಾಡಿಸಿದ್ದೆಂದು ಆಮೇಲೆ ಗೊತ್ತಾಗಿ ಸಂಕೋಚವಾಯಿತು. ಬಾಗಿಲು ಹಾಕಿ ಚಪ್ಪಾಳೆ ಹೊಡೆಯಲು ಹೇಳಿದರು. ಹೊಡೆದೆ. ಚಪ್ಪಾಳೆ ಮುಗಿಯಲಿಲ್ಲ. 'ಝಿರ್ರ್' ಎಂದು ತಗಡು ಕಂಪಿಸಿದಂತೆ ಒಂದು ಸದ್ದು ಬಾಲವಾಗಿ ಉಳಿಯಿತು. ಎದುರುಬದುರು ಗೋಡೆಗಳ ನಡುವೆ ಶಬ್ದ ಚೆಂಡಿನ ಹಾಗೆ ಹೋಗಿ ಬರುವುದರಿಂದ ಆಗುವ ಸದ್ದು ಅದು. ಇಂಥ ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಸ, ಶ, ಚ ಅಕ್ಷರಗಳೆಲ್ಲ ಒಂದರ ಮೈಮೇಲೆ ಒಂದು ಬೀಳುತ್ತವೆ.

ಮೇಷ್ಟ್ರು ಒಂದು ನೋಟ್‌ಬುಕ್ ತೆಗೆದರು. ಲೆಕ್ಕದ ಮೇಷ್ಟ್ರ ನೋಟ್‌ಬುಕ್. ಗೆರೆ ಎಳೆದು, ಎಡಕ್ಕೆ ಅಂಚು ಬಿಟ್ಟು ಬರೆದದ್ದು. ಮೊದಲ ಪುಟದಲ್ಲೇ ಒಂದು ಸೂತ್ರ. ಅದರ ಹಿಂದಿನ ಕಥೆಯನ್ನು ನಿಂತಲ್ಲೇ ಹೇಳಿದರು. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೋಣೆ ಇತ್ತು. ಅಲ್ಲಿ ಆಡಿದ ಒಂದು ಮಾತು 5 ಸೆಕೆಂಡಿಗೂ ಹೆಚ್ಚು ಹೊತ್ತು ಸುತ್ತಾಡುತ್ತಿತ್ತು, ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸರಿಮಾಡುವ ಕೆಲಸ ವಾಲೇಸ್ ಸ್ಯಾಬಿನ್ ಎಂಬ ಎಳೆಯ ಭೌತಶಾಸ್ತ್ರದ ಮೇಷ್ಟ್ರ ಪಾಲಿಗೆ ಬಂತು. ಊರೆಲ್ಲ ಮಲಗಿದ ಮೇಲೆ, ಪಕ್ಕದ ನಾಟಕಶಾಲೆಯ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಇಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಸಾಯುತ್ತದೆ ಎಂದು ರಾತ್ರಿಗಟ್ಟಲೆ ಅಳೆದರು. ಬೆಳಗಾಗುವ ಮುಂಚೆ ಮೆತ್ತೆಗಳನ್ನು ವಾಪಸ್ ಇಡಬೇಕು. ಕೊನೆಗೆ ಒಂದು ಸರಳ ನಿಯಮ ಸಿಕ್ಕಿತು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದು ಉಳಿಯುತ್ತದೆ, ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಅಡಗುತ್ತದೆ. ಹೀರುವುದನ್ನು ಅಳೆಯಲು ಅವರು ಇಟ್ಟುಕೊಂಡ ಮಾನ ತೆರೆದ ಕಿಟಕಿ. ಒಂದು ಚದರ ಅಡಿ ತೆರೆದ ಕಿಟಕಿಗೆ ಬಡಿದ ಶಬ್ದ ಪೂರ್ತಿ ಹೊರಗೆ ಹೋಗುತ್ತದೆ, ವಾಪಸ್ ಬರುವುದೇ ಇಲ್ಲ. ಬೇರೆ ಯಾವ ವಸ್ತುವನ್ನೇ ತನ್ನಿ, ಅದು ಎಷ್ಟು ಚದರ ಅಡಿ ಕಿಟಕಿಗೆ ಸಮ ಎಂದು ನೋಡಿದರೆ ಸಾಕು.

ಮಗನ ಕೋಣೆಯ ಒಳಮೈ ಒಟ್ಟು 680 ಚದರ ಅಡಿ. ನುಣುಪು ಸಿಮೆಂಟು, ಟೈಲ್ಸು ಬಡಿದ ಶಬ್ದದಲ್ಲಿ ನೂರಕ್ಕೆ ಮೂರು ಪಾಲು ಹೀರಿದರೆ ಹೆಚ್ಚು. ಅಂದರೆ ಇಡೀ ಕೋಣೆ ಸೇರಿ ಸುಮಾರು 20 ಚದರ ಅಡಿ ಕಿಟಕಿಯ ಸಮ. ಸೂತ್ರಕ್ಕೆ ಹಾಕಿದರೆ ಸದ್ದು ಹತ್ತಿರಹತ್ತಿರ 3 ಸೆಕೆಂಡು ಉಳಿಯುತ್ತದೆ. ಮನೆಯಲ್ಲಿ ಕೂತು ಹಾಡು ಕೇಳುವ ಸಣ್ಣ ಕೋಣೆಗೆ 0.3ರಿಂದ 0.4 ಸೆಕೆಂಡು ಒಳ್ಳೆಯದು. 0.4 ಬೇಕಾದರೆ ಸುಮಾರು 145 ಚದರ ಅಡಿ ಕಿಟಕಿ ಬೇಕು. ಸಣ್ಣ ಕೋಣೆಗೆ ಈ ಸೂತ್ರ ಬರೀ ಅಂದಾಜು ಎಂದು ಮೇಷ್ಟ್ರೇ ಎಚ್ಚರಿಸಿದರು. ಆದರೆ ಅಂಗಡಿಗೆ ಹೋಗುವ ಮೊದಲು ಕೈಯಲ್ಲೊಂದು ಅಂದಾಜು ಇರಬೇಕು ಎನ್ನುವುದು ಅವರ ಮಾತು. ನನಗೂ ಅದು ಸರಿ ಅನ್ನಿಸಿತು.

ಆಮೇಲೆ ಮೂಲೆಯಲ್ಲಿ ಒಂದು ಸ್ಪೀಕರ್ ಇಟ್ಟು ಫೋನಿನಿಂದ ಒಂದೇ ಒಂದು ಸ್ವರ ಹಾಕಿದರು. ಆಳದ, ಎದೆಗೆ ತಾಗುವ ಗುಂಯ್ ಸದ್ದು. 57 ಹರ್ಟ್ಜ್ ಎಂದರು. "ಈ ಗ್ವಾಡಿಯಿಂದ ಆ ಗ್ವಾಡಿಗೆ ಸಾವಕಾಶ ನಡೀರಿ." ನಡೆದೆ. ಗೋಡೆಯ ಬಳಿ ಕಿವಿ ತುಂಬುವಷ್ಟಿದ್ದ ಸದ್ದು ಎರಡು ಹೆಜ್ಜೆಗೆ ತೆಳುವಾಯಿತು. ಕೋಣೆಯ ನಟ್ಟನಡುವೆ ಬಂದಾಗ ಯಾರೋ ಸ್ವಿಚ್ ಆರಿಸಿದಂತೆ ಬಹುತೇಕ ಮಾಯ. ಇನ್ನೆರಡು ಹೆಜ್ಜೆ ಇಟ್ಟರೆ ಆಚೆ ಗೋಡೆಯ ಬಳಿ ಮತ್ತೆ ಅದೇ ಗುಂಯ್. ಸ್ಪೀಕರ್ ಅಲ್ಲೇ ಇದೆ, ಸ್ವರವೂ ಅದೇ. ಮೂರು ಸಲ ಹಿಂದೆ ಮುಂದೆ ನಡೆದೆ. ಕಣ್ಣು ಮುಚ್ಚಿ ನಡೆದರೂ ನಡು ಎಲ್ಲಿದೆ ಎಂದು ಕಿವಿ ಹೇಳುತ್ತಿತ್ತು.

ಇದಕ್ಕೂ ಲೆಕ್ಕ ಇದೆ. 30 ಡಿಗ್ರಿ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ. 10 ಅಡಿ ಅಂತರದ ಎರಡು ಗೋಡೆಗಳ ನಡುವೆ 57 ಹರ್ಟ್ಜಿನ ಅಲೆ ಸರಿಯಾಗಿ ಅರ್ಧ ಕೂರುತ್ತದೆ. ಹಾಗೆ ಕೂತ ಅಲೆ ಗೋಡೆಗಳ ಬಳಿ ಉಬ್ಬುತ್ತದೆ, ನಡುವೆ ಖಾಲಿಯಾಗುತ್ತದೆ. ಈ ಮನೆಯ ಕೋಣೆಗಳಿಗೆ ಅಗಲವೂ 10, ಎತ್ತರವೂ 10. ಹಾಗಾಗಿ ಒಂದೇ ಸ್ವರ ಎರಡು ಕಡೆಯಿಂದ ಉಬ್ಬುತ್ತದೆ. ತಬಲಾದ ಡಗ್ಗಾ ಆ ಸ್ವರದ ಹತ್ತಿರ ಸುಳಿದರೆ ಒಂದೊಂದು ಪೆಟ್ಟು ಢಂ ಎಂದು ಎದ್ದು ಹಾಡುವವರ ದನಿಯನ್ನೇ ಮುಚ್ಚುತ್ತದೆ. ನಮ್ಮ ಕಡೆ ಮನೆ ಕಟ್ಟಿಸುವಾಗ ಹತ್ತಕ್ಕೆ ಹತ್ತು, ಹತ್ತಕ್ಕೆ ಹನ್ನೆರಡು ಎಂದೇ ಕೋಣೆ ಹಾಕಿಸುತ್ತೇವೆ. ಆಯ ನೋಡುತ್ತೇವೆ, ಗಾಳಿ ಬೆಳಕು ನೋಡುತ್ತೇವೆ. ಕಿವಿಯನ್ನು ಯಾರೂ ಕೇಳುವುದಿಲ್ಲ. ಕಟ್ಟುವಾಗಲೇ ಒಂದು ಗೋಡೆಯನ್ನು ಅಡಿಯಷ್ಟು ಸರಿಸಿದ್ದರೆ ಅರ್ಧ ತೊಂದರೆ ಕಡಿಮೆಯಾಗುತ್ತಿತ್ತು ಎಂದು ಮೇಷ್ಟ್ರಿಗೆ ಇಂದಿಗೂ ಕೊರಗಿದೆ.

ಇನ್ನು ಮೇಲಕ್ಕೆ.

ಮೆಟ್ಟಿಲು ಮುಗಿದಲ್ಲಿ ತಾರಸಿ, ತಾರಸಿಗೆ ಅಂಟಿದ ಒಂಟಿ ಕೋಣೆ. ಅಳತೆ ಕೆಳಗಿನದ್ದೇ. ಬಾಗಿಲು ಭಾರದ ಮರದ್ದು, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ, ಕೆಳಗೆ ನೆಲಕ್ಕೆ ಒರೆಯುವ ಇನ್ನೊಂದು ಪಟ್ಟಿ. ಹೊರಗಿನ ಸದ್ದು ತಡೆಯಲು ಇದೊಂದೇ ಮಾಡಿದ್ದಾರೆ. ಇಲ್ಲಿ ನಾನೊಂದು ತಪ್ಪು ತಿಳಿವಳಿಕೆ ಕಳೆದುಕೊಂಡೆ. ಗೋಡೆಗೆ ಮೆತ್ತನೆಯ ವಸ್ತು ಹಾಕಿದರೆ ಬೀದಿಯ ಲಾರಿ ಹಾರ್ನ್ ಒಳಗೆ ಬರುವುದಿಲ್ಲ, ಒಳಗಿನ ಹಾಡು ಪಕ್ಕದ ಮನೆಗೆ ಹೋಗುವುದಿಲ್ಲ ಎಂದುಕೊಂಡಿದ್ದೆ. ಅವೆರಡೂ ಬೇರೆ ಬೇರೆ ಕೆಲಸ. ಹೊರಗಿನದನ್ನು ತಡೆಯಲು ಭಾರ ಬೇಕು, ಸಂದು ಮುಚ್ಚಬೇಕು. ಒಳಗಿನದನ್ನು ಹದಮಾಡಲು ಗಾಳಿಯಾಡುವ, ಎಳೆಎಳೆಯಾದ ವಸ್ತು ಬೇಕು. ಅದರೊಳಗೆ ನುಗ್ಗಿದ ಗಾಳಿಯ ಕಂಪನ ಎಳೆಗಳಿಗೆ ಉಜ್ಜಿ ಸಣ್ಣ ಬಿಸಿಯಾಗಿ ಕರಗುತ್ತದೆ. ಒಂದರ ಹಣವನ್ನು ಇನ್ನೊಂದಕ್ಕೆ ಸುರಿದು ಮೋಸಹೋಗುವವರೇ ಹೆಚ್ಚು.

ಒಳಗೆ ಕಾಲಿಟ್ಟು ಮೊದಲು ಚಪ್ಪಾಳೆ. ಟಪ್. ಅಷ್ಟೇ. ಬಾಲ ಇಲ್ಲ, ತಗಡಿನ ಸದ್ದಿಲ್ಲ. ಆದರೆ ಹಾಸಿಗೆಯೊಳಗೆ ಮುಖ ಹುದುಗಿಸಿದಂತೆ ಸತ್ತ ಮೌನವೂ ಅಲ್ಲ. ನನ್ನ ಮಾತು ನನಗೆ ಹತ್ತಿರ ಕೇಳಿತು, ಯಾರೋ ಭುಜದ ಮೇಲೆ ಕೈಯಿಟ್ಟು ಮಾತಾಡಿಸಿದ ಹಾಗೆ.

ನೆಲದಿಂದ ಶುರುಮಾಡಿದೆವು. ಟೈಲ್ಸ್ ಮೇಲೆ ಹಳೆಯ ಹತ್ತಿ ಗಾದಿಯೊಂದನ್ನು ತೆಳ್ಳಗೆ ಹರಡಿ, ಅದರ ಮೇಲೆ ನವಲಗುಂದದ ಜಮಖಾನ ಹಾಸಿದ್ದಾರೆ. ಜಮಖಾನ ಒಂದೇ ಇದ್ದಾಗ ಮೇಲುದನಿ ಮಾತ್ರ ತಗ್ಗುತ್ತಿತ್ತಂತೆ, ಗಾದಿ ಸೇರಿದ ಮೇಲೆ ಮಾತಿನ ನಡುದನಿಯೂ ಮೃದುವಾಯಿತಂತೆ. ಸ್ಪೀಕರಿನಿಂದ ಹೊರಟು ನೆಲಕ್ಕೆ ಬಡಿದು ಕಿವಿಗೆ ಬರುವ ಸದ್ದು ಇಲ್ಲೇ ಸಿಕ್ಕಿಬೀಳುತ್ತದೆ.

ಅಕ್ಕಪಕ್ಕದ ಗೋಡೆಯ ಮುಂದೆ ನಾವು ಹೆಚ್ಚು ಹೊತ್ತು ನಿಂತೆವು. ಮೊದಲ ಸಲ ಇಲ್ಲಿ ಆದದ್ದೇ ಬೇರೆ. ಒಂದು ಅಂಗಡಿಯವರ ಮಾತು ಕೇಳಿ ಮೇಷ್ಟ್ರು ನಾಲ್ಕೂ ಗೋಡೆಗೆ ಒಂದು ಇಂಚಿನ ಕಪ್ಪು ಫೋಮ್ ಅಂಟಿಸಿಬಿಟ್ಟಿದ್ದರು, ಮೊನೆಮೊನೆಯಾಗಿ ಎದ್ದ ಚೌಕಗಳು, ಸ್ಟುಡಿಯೋ ಚಿತ್ರಗಳಲ್ಲಿ ಕಾಣುವಂಥವು. ಕೋಣೆ ನೋಡಲು ಚೆಂದ. ಹಾಡು ಹಾಕಿದರೆ ಸಾರಂಗಿಯ ಹೊಳಪು ಹೋಗಿದೆ, ತಂಬೂರಿಯ ಜೀವ ಹೋಗಿದೆ, ಡಗ್ಗಾದ ಢಂ ಮಾತ್ರ ಹಾಗೇ ಇದೆ. ಕಾರಣ ದಪ್ಪ. ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡಬೇಕಾದರೆ ಅದು ಅಲೆಯ ಉದ್ದದ ಕಾಲು ಭಾಗದಷ್ಟಾದರೂ ದಪ್ಪ ಇರಬೇಕು, ಅಥವಾ ಗೋಡೆಯಿಂದ ಅಷ್ಟು ದೂರ ನಿಲ್ಲಬೇಕು. 1000 ಹರ್ಟ್ಜಿನ ಅಲೆ ಸುಮಾರು 35 ಸೆಂಟಿಮೀಟರ್ ಉದ್ದ, ಅದರ ಕಾಲು ಭಾಗ ಮೂರೂವರೆ ಇಂಚಿನ ಹತ್ತಿರ. 100 ಹರ್ಟ್ಜಿನ ಅಲೆಗೆ ಕಾಲು ಭಾಗವೇ ಮೂರಡಿಗೆ ಸ್ವಲ್ಪ ಕಡಿಮೆ. ಒಂದು ಇಂಚಿನ ಫೋಮ್ ಮೇಲುದನಿಯನ್ನಷ್ಟೇ ತಿಂದು ಕೆಳದನಿಯನ್ನು ಮುಟ್ಟದೆ ಬಿಡುತ್ತದೆ. ಎಲ್ಲ ಗೋಡೆಗೂ ಹಾಕಿದರೆ ಹಾಡಿನ ಬೆಳಕು ಮಾತ್ರ ಆರುತ್ತದೆ. ಮೊಟ್ಟೆ ಟ್ರೇಗಳ ವಿಚಾರವೂ ಇದೇ, ಇನ್ನೂ ಕಡಿಮೆ ಅನ್ನಬೇಕು. ಆ ತೆಳು ರಟ್ಟು ಹೀರುವುದು ಲೆಕ್ಕಕ್ಕೆ ಬಾರದಷ್ಟು, ಬೆಂಕಿ ಹತ್ತುವುದು ಮಾತ್ರ ಬೇಗ. ಸಾಮಾನ್ಯ ಫೋಮ್ ಹೊತ್ತಿಕೊಂಡರೆ ಬಿಡುವ ಹೊಗೆ ಪ್ರಾಣಕ್ಕೇ ಅಪಾಯ. ಮುಚ್ಚಿದ ಕೋಣೆಯಲ್ಲಿ, ಬಿಸಿಯಾಗುವ ಆಂಪ್ಲಿಫೈಯರ್ ಪಕ್ಕದಲ್ಲಿ ಅದನ್ನು ಸುತ್ತ ಅಂಟಿಸಿಕೊಳ್ಳುವುದನ್ನು ನಾನಂತೂ ಯಾರಿಗೂ ಹೇಳಲಾರೆ.

ಮೇಷ್ಟ್ರು ಫೋಮನ್ನೆಲ್ಲ ಕಿತ್ತರು. ಅಂಟಿನ ಕಲೆ ಇನ್ನೂ ಗೋಡೆಯ ಮೇಲಿದೆ. ಆಮೇಲೆ ಕುರ್ಚಿಯಲ್ಲಿ ಕೂತು ಮೊಮ್ಮಗನ ಕೈಗೆ ಮುಖ ನೋಡುವ ಕನ್ನಡಿ ಕೊಟ್ಟು ಗೋಡೆಗುಂಟ ಸರಿಸುತ್ತ ಹೋಗಲು ಹೇಳಿದರು. ಕುರ್ಚಿಯಿಂದ ನೋಡಿದಾಗ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿಗೆ ಸೀಮೆಸುಣ್ಣದ ಗುರುತು. ಬೆಳಕು ಪುಟಿಯುವ ಹಾದಿಯಲ್ಲೇ ಶಬ್ದವೂ ಮೊದಲ ಸಲ ಪುಟಿದು ಕಿವಿಗೆ ಬರುತ್ತದೆ. ಆ ಗುರುತುಗಳ ಮೇಲೆ ಮಾತ್ರ ಹಲಗೆ ಬಂದಿವೆ. ಒಂದೊಂದು ಹಲಗೆ ಎರಡಡಿ ಅಗಲ, ನಾಲ್ಕಡಿ ಎತ್ತರ. ಮರದ ಚೌಕಟ್ಟು, ಒಳಗೆ ಎರಡೆರಡು ಇಂಚಿನ ರಾಕ್‌ವೂಲ್ ಹಾಳೆ ಎರಡು, ಹಿಂದೆ ಗೋಡೆಗೂ ಹಲಗೆಗೂ ನಡುವೆ ನಾಲ್ಕಿಂಚು ಖಾಲಿ. ಆ ಖಾಲಿಗೆ ಕಾಸಿಲ್ಲ, ಕೆಲಸ ಮಾತ್ರ ದೊಡ್ಡದು. ನಾಲ್ಕಿಂಚಿನ ಹಲಗೆ ಗೋಡೆಗೆ ಅಂಟಿದ್ದಾಗ ಮುಟ್ಟದ ಕೆಳದನಿಯನ್ನು ಆ ಸಂದು ಇದ್ದಾಗ ಮುಟ್ಟುತ್ತದೆ. ರಾಕ್‌ವೂಲ್ ಘನಮೀಟರಿಗೆ 48 ಕಿಲೋ ತೂಕದ್ದು. ಕಲ್ಲನ್ನು ಕರಗಿಸಿ ಎಳೆ ತೆಗೆದದ್ದಾದ್ದರಿಂದ ಉರಿಯುವುದಿಲ್ಲ. ಕತ್ತರಿಸುವಾಗ ಮೈ ತುರಿಸುತ್ತದೆ, ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್, ತುಂಬುತೋಳಿನ ಅಂಗಿ ಬೇಕೇಬೇಕು.

ಮೇಲೆ ಹೊದಿಸಿದ ಬಟ್ಟೆಯ ಆಯ್ಕೆಗೆ ಅವರದೊಂದು ಪರೀಕ್ಷೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಬೇಕು. ಉಸಿರು ಸಲೀಸಾಗಿ ಆಚೆ ಹೋದರೆ ಶಬ್ದವೂ ಹೋಗುತ್ತದೆ. ನನ್ನ ಕೈಗೆ ಮೂರು ತುಂಡು ಕೊಟ್ಟರು. ಖಾದಿ ಹಾದುಹೋಯಿತು, ಗೋಣಿ ಇನ್ನೂ ಸಲೀಸು, ರೆಕ್ಸಿನ್‌ನಲ್ಲಿ ಉಸಿರು ಕಟ್ಟಿತು. ಸೋಫಾದ ಹಾಗೆ ಚೆಂದ ಕಾಣಲೆಂದು ರೆಕ್ಸಿನ್ ಹೊದಿಸಿದ ಹಲಗೆಗಳನ್ನು ನಾನೂ ಬೇರೆಡೆ ನೋಡಿದ್ದೇನೆ. ಅವುಗಳ ಒಳಗೆ ಎಷ್ಟೇ ಒಳ್ಳೆಯ ವಸ್ತು ತುಂಬಿರಲಿ, ಮೇಲುದನಿಗೆ ಅವು ಇನ್ನೊಂದು ಗೋಡೆ ಮಾತ್ರ.

ಮುಂದಿನ ಗೋಡೆಗೆ ಬಂದೆವು. ಸ್ಪೀಕರುಗಳ ಹಿಂದಿನ ಎರಡು ಮೂಲೆಗಳಲ್ಲಿ ನೆಲದಿಂದ ಎಂಟಡಿ ಎತ್ತರಕ್ಕೆ ಗೋಣಿಚೀಲಗಳನ್ನು ಒಂದರ ಮೇಲೊಂದು ಅಡಕಿದ್ದಾರೆ. ಮೊದಲ ನೋಟಕ್ಕೆ ಅಕ್ಕಿ ಗೋದಾಮು. ಒಂದು ಚೀಲವನ್ನು ಒತ್ತಿದೆ, ಮೆತ್ತಗೆ ಒಳಗೆ ಹೋಯಿತು. "ಇದು ನಮ್ಮ ಬೀಗರ ಊರಿಂದ ಬಂದ ಬುದ್ಧಿ" ಎಂದರು ಮೇಷ್ಟ್ರು.

ಸಿರುಗುಪ್ಪ ತುಂಗಭದ್ರೆಯ ಕಾಲುವೆಯ ನೀರು ಕಂಡ ಊರು. ಗದ್ದೆ, ಭತ್ತ, ರೈಸ್ ಮಿಲ್. ಮೇಷ್ಟ್ರು ಮದುವೆಯಾದ ಹೊಸತರಲ್ಲಿ ಮಾವನ ಜೊತೆ ಗೋದಾಮಿಗೆ ಹೋಗಿದ್ದರಂತೆ. ಹೊರಗೆ ಮಿಲ್ಲಿನ ಗದ್ದಲ. ಭತ್ತದ ಚೀಲಗಳ ಸಾಲಿನ ನಡುವೆ ನಿಂತು ಮಾವ ಸಣ್ಣ ದನಿಯಲ್ಲಿ ಮಾತಾಡಿದರೂ ಒಂದೊಂದು ಅಕ್ಷರ ಸ್ಪಷ್ಟ ಕೇಳಿತು. ಚೀಲ ಖಾಲಿಯಾದ ಸುಗ್ಗಿಯ ಮೊದಲು ಅದೇ ಗೋದಾಮಿನಲ್ಲಿ ಕೂಗಿದರೂ ಮಾತು ಕಲಸಿಹೋಗುತ್ತಿತ್ತು. ಮೂವತ್ತು ವರ್ಷ ಅದು ತಲೆಯಲ್ಲಿ ಉಳಿದಿತ್ತು. ಮೂಲೆಗೆ ಏನು ತುಂಬಲಿ ಎಂಬ ಪ್ರಶ್ನೆ ಬಂದಾಗ ಚೀಲ ನೆನಪಾಯಿತು. ಭತ್ತ ತಂದಿಟ್ಟರೆ ಇಲಿ ಬರುತ್ತದೆ, ಹುಳು ಬೀಳುತ್ತದೆ, ಸ್ಲ್ಯಾಬಿಗೂ ಭಾರ. ಬಳ್ಳಾರಿಯಲ್ಲಿ ಸಿಗುವ ಬೇರೆ ವಸ್ತು ಯಾವುದು? ಜೀನ್ಸ್ ಚಿಂದಿ. ಊರಿನ ತುಂಬ ಜೀನ್ಸ್ ಹೊಲಿಯುವ ಘಟಕಗಳಿವೆ. ಕತ್ತರಿಸಿ ಉಳಿದ ನೀಲಿ ಚೂರುಗಳು ಚೀಲಗಟ್ಟಲೆ ಬಿದ್ದಿರುತ್ತವೆ. ಬರೀ ಚೂರುಗಳನ್ನು ತುಂಬಿದಾಗ ಅವು ಹಾಳೆಯಂತೆ ಒಂದರ ಮೇಲೊಂದು ಕೂತು ಗಟ್ಟಿಯಾದವು. ಆಗ ಹತ್ತಿ ಹಿಂಜುವವರಿಗೆ ಕೊಟ್ಟು, ಹಳೆ ಗಾದಿಯ ಹತ್ತಿಯೊಂದಿಗೆ ಸೇರಿಸಿ ಸಡಿಲ ಮಾಡಿಸಿದರು. ಚೀಲದ ಬಾಯಿ ಕಟ್ಟುವಾಗ ಅದುಮಿ ತುಂಬಲಿಲ್ಲ. ತೀರಾ ಬಿಗಿಯಾದರೆ ಗಾಳಿಗೇ ಒಳಗೆ ದಾರಿ ಇರುವುದಿಲ್ಲ.

ಅಮೆರಿಕದಲ್ಲಿ ಹಳೆ ಜೀನ್ಸ್‌ನ ಎಳೆ ಬಿಡಿಸಿ, ಬೆಂಕಿ ಮತ್ತು ಹುಳು ತಡೆಯುವ ಬೋರೇಟ್ ಲವಣ ಬೆರೆಸಿ, ಗೋಡೆಗೆ ತುಂಬುವ ಹಾಸುಗಳನ್ನು ಮಾಡಿ ಮಾರುತ್ತಾರೆ. ಜೀನ್ಸ್‌ಗೆ ಹೆಸರಾದ ನಮ್ಮ ಊರಿನಲ್ಲಿ ಆ ಚಿಂದಿ ಕಸವಾಗಿ ಹೋಗುವುದನ್ನು ನೋಡಿದರೆ ನೋವಾಗುತ್ತದೆ. ಮೇಷ್ಟ್ರ ಚೀಲಗಳಲ್ಲಿ ಬೋರೇಟ್ ಇಲ್ಲ. ಹತ್ತಿ ಹತ್ತಿಯೇ, ಕಿಡಿ ಬಿದ್ದರೆ ಉರಿಯುತ್ತದೆ. ಈ ಆತಂಕವನ್ನು ಮುಚ್ಚಿಡದೆ ಅವರಿಗೆ ಹೇಳಿದೆ. ಅವರು ಒಪ್ಪಿಕೊಂಡರು. ವಿದ್ಯುತ್ ಬೋರ್ಡು, ಆಂಪ್ಲಿಫೈಯರು, ಎಲ್ಲ ವೈರುಗಳನ್ನು ಆಚೆ ಬದಿಗೆ ಸರಿಸಿದ್ದಾರೆ. ಆ ಬದಿಯಲ್ಲಿ ರಾಕ್‌ವೂಲ್ ಮಾತ್ರ. ಆದರೂ ನಾನು ನನ್ನ ಮನೆಯಲ್ಲಿ ಮಾಡುವುದಾದರೆ ಮೂಲೆಗೂ ರಾಕ್‌ವೂಲೇ ತರುತ್ತೇನೆ.

ಮೂಲೆಯೇ ಯಾಕೆ ಅಂದರೆ, ಕೋಣೆಯೊಳಗೆ ಕೂರುವ ಅಲೆಗಳೆಲ್ಲ ಉಬ್ಬುವ ಜಾಗ ಅದು. ಒಂದು ಕಡೆ ಇಟ್ಟದ್ದು ಉದ್ದ, ಅಗಲ ಎರಡಕ್ಕೂ ಕೆಲಸ ಮಾಡುತ್ತದೆ. ಮತ್ತೆ ಅದೇ 57 ಹರ್ಟ್ಜಿನ ಸ್ವರ ಹಾಕಿಸಿಕೊಂಡು ಗೋಡೆಯಿಂದ ಗೋಡೆಗೆ ನಡೆದೆ. ಉಬ್ಬು ಇತ್ತು, ತಗ್ಗೂ ಇತ್ತು. ಕೆಳಗಿನಷ್ಟು ಹರಿತವಾಗಿರಲಿಲ್ಲ. ಸ್ವರ ನಿಲ್ಲಿಸಿದಾಗ ಕೆಳಗೆ ಅದು ತೂಗಿ ತೂಗಿ ನಿಂತಿತ್ತು, ಇಲ್ಲಿ ಬೇಗ ನಿಂತಿತು. ಆ ಸ್ವರಕ್ಕೆ ಅಲೆಯ ಕಾಲು ಭಾಗವೇ ಐದಡಿ, ಎರಡಡಿ ದಪ್ಪದ ಚೀಲ ಪೂರ್ತಿ ಗೆಲ್ಲುವ ಮಾತಿಲ್ಲ. ಉಳಿದದ್ದನ್ನು ಅವರು ಕುರ್ಚಿ ಸರಿಸಿ ಸರಿಮಾಡಿಕೊಂಡಿದ್ದಾರೆ. ಹಿಂದಿನ ಗೋಡೆಗೆ ಒರಗಿದ್ದ ದಿವಾನ್ ಈಗ ಬದಿಗೆ ಹೋಗಿದೆ, ಕುರ್ಚಿ ಹಿಂಗೋಡೆಯಿಂದ 4.5 ಅಡಿ ಮುಂದಕ್ಕೆ ಬಂದಿದೆ. ನೂರಕ್ಕೆ 38ರ ಜಾಗ ಎಂದು ಈ ಹವ್ಯಾಸದವರು ಹೇಳುವುದು ಇದನ್ನೇ. ಅಲ್ಲಿಂದ ಶುರುಮಾಡಿ ಒಂದೊಂದು ಗೇಣು ಹಿಂದೆ ಮುಂದೆ ಮಾಡಿ ನೋಡಬೇಕು. ದುಡ್ಡು ಖರ್ಚಾಗದ ಈ ಕೆಲಸವನ್ನೇ ಎಲ್ಲರೂ ಕೊನೆಗೆ ಮಾಡುತ್ತಾರೆ, ನಾನೂ ಮಾಡಿರಲಿಲ್ಲ.

ತಲೆ ಎತ್ತಿ ನೋಡಿದೆ. ಕುರ್ಚಿಗೂ ಸ್ಪೀಕರಿಗೂ ನಡುವೆ ಸ್ಲ್ಯಾಬಿನಿಂದ ಎರಡು ಹಲಗೆ ತೂಗುಬಿಟ್ಟಿದ್ದಾರೆ. ಫ್ಯಾನ್ ಇದ್ದ ಜಾಗ ಅದೇ. ಬಳ್ಳಾರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ, ತಾರಸಿಯ ಮೇಲಿನ ಕೋಣೆಯಲ್ಲಿ ಫ್ಯಾನ್ ತೆಗೆಯುವುದು ಸಣ್ಣ ತ್ಯಾಗವಲ್ಲ. ಗೋಡೆಯ ಫ್ಯಾನ್ ಒಂದಿದೆ, ಹಾಡು ಹಾಕುವ ಮೊದಲು ಅದನ್ನು ಆರಿಸಬೇಕು. ಹಾಗಾಗಿ ಅವರು ಕೇಳುವುದು ಬೆಳಗಿನ ಜಾವ ಐದಕ್ಕೆ, ಸ್ಲ್ಯಾಬು ರಾತ್ರಿಯಿಡೀ ಆರಿದ ಮೇಲೆ. ಬೀದಿಯೂ ಆಗ ಸುಮ್ಮನಿರುತ್ತದೆ.

ಹಿಂಗೋಡೆಯಲ್ಲಿ ಹೀರುವ ಹಲಗೆ ಯಾವುದೂ ಇಲ್ಲ. ಪುಸ್ತಕದ ಕಪಾಟು. ದಪ್ಪ, ತೆಳು, ಮುಂದೆ ಬಂದದ್ದು, ಒಳಗೆ ಹೋದದ್ದು, ನಿಘಂಟಿನ ಪಕ್ಕ ಪಾಕೆಟ್ ಪುಸ್ತಕ, ನಡುನಡುವೆ ಬೇಕೆಂದೇ ಬಿಟ್ಟ ಖಾಲಿ. 1970ರ ದಶಕದಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಎಂಬ ಜರ್ಮನ್ ವಿಜ್ಞಾನಿ ಸಂಖ್ಯಾ ಸಿದ್ಧಾಂತದ ಒಂದು ಸರಣಿಯನ್ನು ಹಿಡಿದು ಬೇರೆ ಬೇರೆ ಆಳದ ಕುಳಿಗಳ ಹಲಗೆ ಮಾಡಿದರೆ ಶಬ್ದ ಒಂದೇ ಕಡೆ ಪುಟಿಯದೆ ಎಲ್ಲ ದಿಕ್ಕಿಗೂ ಚದುರುತ್ತದೆ ಎಂದು ತೋರಿಸಿದರು. ಪುಸ್ತಕದ ಕಪಾಟು ಅದಕ್ಕೆ ಸಮವಲ್ಲ, ಅದರ ದಾರಿಯಲ್ಲಿದೆ. ಬರೀ ಹೀರಿದರೆ ಕೋಣೆ ಸಪ್ಪೆಯಾಗುತ್ತದೆ. ಸ್ವಲ್ಪ ಚದುರಿಸಿದರೆ ಗಾಳಿಯಲ್ಲಿ ಜೀವ ಉಳಿಯುತ್ತದೆ. ಕಪಾಟಿನ ಪಕ್ಕ ಒಂದು ಕೌದಿ ತೂಗುತ್ತಿತ್ತು. ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದದ್ದು, ಕುರುಗೋಡಿನ ಅವ್ವನ ಕೈಕೆಲಸ. ಗೋಡೆಯಿಂದ ಒಂದು ಅಂಗೈ ದೂರಕ್ಕೆ ಕೋಲಿಗೆ ಇಳಿಬಿಟ್ಟಿದ್ದಾರೆ. ಅದರ ಕೆಲಸ ಸಣ್ಣದು ಎಂದು ಮೇಷ್ಟ್ರ ನೋಟ್‌ಬುಕ್ಕೇ ಹೇಳುತ್ತದೆ. ಆದರೂ ಅದನ್ನು ತೆಗೆಯುವುದಿಲ್ಲ ಎಂದರು. ತೆಗೆಯಬಾರದು ಎಂದು ನನಗೂ ಅನ್ನಿಸಿತು.

ಲೆಕ್ಕದ ಪುಟದಲ್ಲಿ ಎಂಟು ಹಲಗೆಗೆ 64 ಚದರ ಅಡಿ, ಮೂಲೆಯ ಚೀಲಕ್ಕೆ 48, ಉಳಿದದ್ದು ಗಾದಿ, ಜಮಖಾನ, ದಿವಾನ್, ಕೌದಿ. ಕೊನೆಯಲ್ಲಿ 'ಕೂತವರು' ಎಂದೊಂದು ಸಾಲು. ಮನುಷ್ಯರ ಮೈ ಬಟ್ಟೆಯೂ ಹೀರುತ್ತದೆ. ನಾಟಕದ ಕಂಪನಿಯವರಿಗೆ ಇದು ಹಿಂದಿನಿಂದಲೂ ಗೊತ್ತು: ಖಾಲಿ ಥಿಯೇಟರಿನಲ್ಲಿ ಗುಂಯ್‌ಗುಟ್ಟಿದ ಮಾತು ಜನ ತುಂಬಿದಾಗ ತಿಳಿಯಾಗುತ್ತದೆ.

ಕೊನೆಗೆ ಕುರ್ಚಿಯಲ್ಲಿ ಕೂರಿಸಿದರು. ಗಂಗೂಬಾಯಿ ಹಾನಗಲ್ ಅವರ ರೆಕಾರ್ಡು. ಮೊದಲು ತಂಬೂರಿ. ಕೆಳಗಿನ ಕೋಣೆಯಲ್ಲಿ ಇದೇ ತಂಬೂರಿಯನ್ನು ಎರಡು ನಿಮಿಷ ಕೇಳಿಸಿದ್ದರು, ಅಲ್ಲಿ ಅದು ಒಂದೇ ಗುಂಗಿನ ಗೋಡೆಯಾಗಿತ್ತು. ಇಲ್ಲಿ ತಂತಿ ತಂತಿ ಬೇರೆ. ಬೆರಳು ಬಿಟ್ಟ ಕ್ಷಣ ಕೇಳಿಸಿತು. ಆಮೇಲೆ ಆ ದನಿ ಬಂತು, ಅಷ್ಟು ಭಾರದ, ನೆಲಕ್ಕೆ ಬೇರು ಬಿಟ್ಟ ದನಿ. ಸ್ಪೀಕರುಗಳು ಎಡಬಲಕ್ಕಿದ್ದರೂ ಹಾಡು ನಡುವಿನ ಖಾಲಿ ಜಾಗದಿಂದ, ಕೂತ ಮನುಷ್ಯರ ಎತ್ತರದಿಂದ ಬರುತ್ತಿತ್ತು. ಅಕ್ಕಪಕ್ಕದ ಗೋಡೆಯ ಹಲಗೆಗಳು ಮಾಡಿದ ಕೆಲಸ ಅದು ಎಂದು ತಲೆಗೆ ಗೊತ್ತು. ಕೇಳುವಾಗ ಹಲಗೆ ನೆನಪಾಗಲಿಲ್ಲ. ಉಸಿರು ತೆಗೆದುಕೊಂಡದ್ದು ಕೇಳಿಸಿತೇ, ಅಥವಾ ಕೇಳಿಸಲಿ ಎಂದು ನನ್ನ ಮನಸ್ಸು ಬಯಸಿತೇ, ಈಗಲೂ ನಿಶ್ಚಯವಾಗಿ ಹೇಳಲಾರೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕುರುಗೋಡಿಗೆ ಹೊರಟಿದ್ದರು, ನನ್ನನ್ನೂ ಕರೆದರು. ದೊಡ್ಡಬಸವೇಶ್ವರನ ದರ್ಶನ ಮೊದಲು. ಕಲ್ಲಿನ ಗುಡಿಯೊಳಗೆ ಒಂದು ಗಂಟೆ ಹೊಡೆದರೆ ಸದ್ದು ಕಂಬದಿಂದ ಕಂಬಕ್ಕೆ ಹಾಯುತ್ತ ನಿಲ್ಲಲು ಮನಸ್ಸಿಲ್ಲದೆ ನಿಲ್ಲುತ್ತದೆ. ಭಕ್ತಿಗೆ ಅದು ಬೇಕು. ಮಂತ್ರದ ದನಿಗೆ ಅದು ಬಲ. ಮಗನ ಕೋಣೆಯ ಟೈಲ್ಸು ಸಿಮೆಂಟು ಮಾಡುವುದೂ ಇದೇ ಜಾತಿಯ ಕೆಲಸ, ಜಾಗ ತಪ್ಪಿದೆ ಅಷ್ಟೇ.

ಅವ್ವನ ಮನೆ ಹಳೆಯ ಮಾಳಿಗೆ ಮನೆ. ಅಡಿಗೂ ಮೀರಿದ ದಪ್ಪದ ಕಲ್ಲು ಮಣ್ಣಿನ ಗೋಡೆ, ಒಂದು ಕಡೆಯೂ ನೇರವಿಲ್ಲ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣು. ಸೆಗಣಿ ಸಾರಿಸಿದ ನೆಲ. ಗೂಟಕ್ಕೆ ಬಟ್ಟೆ, ಮೂಲೆಗೆ ಜೋಳದ ಚೀಲ, ಹಗ್ಗದ ಮೇಲೆ ಮಡಿಚಿಟ್ಟ ಕೌದಿಗಳ ರಾಶಿ. ಪಡಸಾಲೆಯ ನಡುವೆ ನಿಂತು ಮೇಷ್ಟ್ರು ನನ್ನತ್ತ ನೋಡಿದರು. ಹೇಳುವ ಮೊದಲೇ ನಾನು ಚಪ್ಪಾಳೆ ಹೊಡೆದೆ.

ಟಪ್.

ಮಹಡಿಯ ಕೋಣೆಯದೇ ಸದ್ದು. ಇನ್ನೂ ಸ್ವಲ್ಪ ಮೃದು ಅನ್ನಿಸಿತು, ಮೀಟರ್ ಹಿಡಿದು ಅಳೆದಿಲ್ಲ. "ಏನ್ ಮಾಡಾಕತ್ತೀರಿ?" ಎಂದು ಅವ್ವ ಒಳಗಿನಿಂದ ಕೇಳಿದರು. ಅಡುಗೆ ಒಲೆಯ ಬಳಿಯಿಂದ ಬಂದ ಆ ಪ್ರಶ್ನೆ, ಎರಡು ಗೋಡೆ ದಾಟಿಯೂ, ಅಕ್ಷರ ಅಕ್ಷರವಾಗಿ ಕೇಳಿಸಿತು. ಮೇಷ್ಟ್ರು ಉತ್ತರ ಕೊಡಲಿಲ್ಲ. ಮಾಳಿಗೆಯ ಬೆಳಕಿಂಡಿಯನ್ನೇ ನೋಡುತ್ತಿದ್ದರು. ಅಲ್ಲಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಏಣಿ ತಂದು ಹತ್ತಿದರು, ಜೇಬಿನಿಂದ ಟೇಪ್ ತೆಗೆದು ಅಳೆದರು, ಇಳಿದು ನೋಟ್‌ಬುಕ್ ಬಿಚ್ಚಿದರು. ಹೊಸ ಪುಟದಲ್ಲಿ ಗೆರೆ ಎಳೆದು ಬರೆದರು: ಬೆಳಕಿಂಡಿ, ಒಂದೂವರೆ ಅಡಿಗೆ ಒಂದೂವರೆ ಅಡಿ, 2.25.